ಪತ್ರಿ ಗಿಡದ ಹುಳಗಳು

ರಾವೂರಿನ ನಮ್ಮ ಮನೆಯ ಹಿತ್ತಲಲ್ಲಿ ಎರಡು ಬಂಡಿ ನಿಲ್ಲಿಸಿದರೆ ಮೂರನೆಯದಕ್ಕೆ ಜಾಗವಿಲ್ಲ. ಅಷ್ಟರಲ್ಲೇ ಅಕ್ಕ ಬದನೆ, ಬೆಂಡೆ, ಅವರೆ ಬಳ್ಳಿ, ಮೆಂತ್ಯೆ, ಪುಂಡಿಪಲ್ಯ ಬೆಳೆಯುತ್ತಿದ್ದಳು. ಸುತ್ತಲೂ ನಿಲ್ಲಿಸಿದ ಫರ್ಸಿ ಕಲ್ಲಿನ ಗೋಡೆ, ಎದೆಯ ಎತ್ತರದ್ದು. ಊರಿನ ಸುತ್ತ ಕಲ್ಲಿನ ಖಣಿಗಳಿರುವುದರಿಂದ ನಮ್ಮಲ್ಲಿ ಗೋಡೆಗೂ ಕಲ್ಲು, ನೆಲಕ್ಕೂ ಕಲ್ಲು, ಎಲೆಯ ಮೇಲೆ ಕೂಡುವುದೂ ಕಲ್ಲಿನ ಪುಡಿಯೇ. ಅಕ್ಕ ದಿನಾ ಬೆಳಿಗ್ಗೆ ಚೊಂಬಿನಲ್ಲಿ ನೀರು ತಂದು ಎಲೆಗಳ ಮೇಲೆ ಚಿಮುಕಿಸಿ ಧೂಳು ತೊಳೆಯುತ್ತಿದ್ದಳು. ಗಿಡಕ್ಕೆ ಒಳ್ಳೆಯದೆಂದು ತೊಳೆಯುತ್ತಾಳೆ ಎಂದುಕೊಂಡಿದ್ದೆ. ಒಮ್ಮೆ ಕೇಳಿದರೆ, "ಹುಳದ ಹಲ್ಲಿಗಿ ಕಲ್ಲಿನ ಪುಡಿ ಸಿಗತದ, ಅದಕ್ಕ" ಎಂದಳು. ಹಾಸ್ಯಕ್ಕೆ ಹೇಳಿದಳೋ ನಿಜಕ್ಕೋ, ಈಗಲೂ ನನಗೆ ತಿಳಿದಿಲ್ಲ.

ಅಕ್ಕ ನನಗಿಂತ ಆರು ವರ್ಷಕ್ಕೆ ದೊಡ್ಡವಳು. ಚಿಂಚೋಳಿ ಕಡೆಯ ಒಂದು ಮನೆಗೆ ಕೊಟ್ಟಿದ್ದರು. ಮೂರನೆಯ ವರ್ಷಕ್ಕೆ ಗಂಡ ತೀರಿಕೊಂಡ. ಒಂದು ಕಬ್ಬಿಣದ ಟ್ರಂಕಿನೊಂದಿಗೆ ಅವ್ವನ ಬಳಿಗೆ ವಾಪಸು ಬಂದಳು. ನನಗೆ ಮದುವೆ ಕೂಡಿಬರಲಿಲ್ಲ. ಏಳನೆಯ ತರಗತಿಗೆ ಶಾಲೆ ಬಿಟ್ಟವನು ಶಹಾಬಾದ್ ರಸ್ತೆಯ ಒಂದು ಶೆಡ್ಡಿನಲ್ಲಿ ಫರ್ಸಿ ಪಾಲಿಶ್ ಮಾಡುವ ಮಷಿನ್ನಿನ ಮುಂದೆ ನಿಂತೆ, ಇನ್ನೂ ನಿಂತಿದ್ದೇನೆ. ಎರಡು ಎಕರೆ ತೊಗರಿ ಹೊಲವಿದೆ, ಅದನ್ನೂ ನಾನೇ ನೋಡುತ್ತೇನೆ. ಅವ್ವ ಹೋದ ಮೇಲೆ ಮನೆಯಲ್ಲಿ ನಾವಿಬ್ಬರೇ. ದಿನಕ್ಕೆ ನಾಲ್ಕು ಮಾತು ಆಡಿದರೆ ಹೆಚ್ಚು. ಮಷಿನ್ನಿನ ಸದ್ದು ಕೇಳಿ ಕೇಳಿ ನನಗೆ ಮನೆಯಲ್ಲಿ ಸುಮ್ಮನಿರುವುದೇ ಸುಖ. ಅಕ್ಕನಿಗೂ ಹಾಗೆಯೇ ಎಂದು ನಾನೇ ತೀರ್ಮಾನಿಸಿಬಿಟ್ಟಿದ್ದೆ.

ಹಿತ್ತಲಲ್ಲಿ ಮಾತ್ರ ಅಕ್ಕ ಮಾತಾಡುತ್ತಿದ್ದಳು. ಅವರೆಯ ಕುಡಿಗೆ ಕರಿ ಹೇನು ಮುತ್ತಿದರೆ ಬೂದಿ ಸಹ ಹಾಕದೆ ಗುಲಗಂಜಿ ಹುಳಗಳಿಗಾಗಿ ಕಾಯುತ್ತಿದ್ದಳು. ಕೆಂಪು ಬೆನ್ನಿನ ಮೇಲೆ ಕರಿ ಚುಕ್ಕೆಯಿರುವ ಆ ಹುಳವನ್ನು ಯಾರಾದರೂ ಗುರುತಿಸುತ್ತಾರೆ. ಅದರ ಮರಿ ಮಾತ್ರ ನೋಡಲು ಹೊಲಸು, ಬೆರಳಿನ ತುದಿಯಷ್ಟು ಮೊಸಳೆಯ ಹಾಗೆ. ಒಮ್ಮೆ ಅದನ್ನು ಹೊಸಕಲು ಹೋದಾಗ ಅಕ್ಕ ನನ್ನ ಕೈಗೆ ಹೊಡೆದಳು. "ಅದು ದಿನಾ ಎಷ್ಟು ಹೇನು ತಿಂತದ ಗೊತ್ತೇನ ನಿನಗ? ಅಷ್ಟು ರೊಟ್ಟಿ ನೀ ತಿಂದಿದ್ರ ಇಷ್ಟೊತ್ತಿಗಿ ಪೈಲ್ವಾನ ಆಗ್ತಿದ್ದಿ."

ಅಡುಗೆಮನೆಯ ಕಿಟಕಿಯ ಮೂಲೆಯಲ್ಲಿ ಕುಂಬಾರ ಹುಳವೊಂದು ವರ್ಷ ವರ್ಷ ಮಣ್ಣಿನ ಪುಟ್ಟ ಗಡಿಗೆ ಕಟ್ಟುತ್ತಿತ್ತು. ಬೆಂಡೆಯ ಮೇಲಿನ ಹಸಿರು ಹುಳಗಳನ್ನು ಒಂದೊಂದಾಗಿ ಹೊತ್ತು ತಂದು ಅದರೊಳಗೆ ತುಂಬಿ ಬಾಯಿ ಮುಚ್ಚುತ್ತಿತ್ತು. ಸುಣ್ಣ ಬಳಿಯುವಾಗ ಅಕ್ಕ ಅಷ್ಟು ಜಾಗ ಬಿಟ್ಟು ಬಳಿಯುತ್ತಿದ್ದಳು. ನಮ್ಮ ಅಡುಗೆಮನೆಯ ಕಿಟಕಿಗೆ ಒಂದು ಮೂಲೆ ಯಾವಾಗಲೂ ಕಪ್ಪು.

ಆದರೆ ಅವಳ ಜೀವ ಇದ್ದದ್ದು ಪತ್ರಿ ಗಿಡದಲ್ಲಿ. ಲಿಂಗಪೂಜೆಗೆಂದು ಅವ್ವ ಗೋಡೆಯ ಪಕ್ಕದಲ್ಲಿ ಹಚ್ಚಿದ ಬಿಲ್ವದ ಗಿಡ. ಮಳೆ ಬಿದ್ದು ಹೊಸ ಚಿಗುರು ಬಂತೆಂದರೆ ಹಳದಿ ಕಪ್ಪು ಬಣ್ಣದ ಪಾತರಗಿತ್ತಿ ಬಂದು ಚಿಗುರಿಗೊಂದರಂತೆ ತತ್ತಿ ಇಟ್ಟು ಹೋಗುತ್ತಿತ್ತು, ಗಸಗಸೆಯಷ್ಟು ಸಣ್ಣವು. ಅದರಿಂದ ಹೊರಬರುವ ಮರಿ ಹುಳ ಥೇಟ್ ಹಕ್ಕಿಯ ಹಿಕ್ಕೆ. ಕಪ್ಪು, ನಡುವೆ ಬಿಳಿ ಮಚ್ಚೆ, ಒದ್ದೆ ಒದ್ದೆ. ಹಕ್ಕಿಯೂ ಮೋಸ ಹೋಗಿ ಬಿಟ್ಟು ಹೋಗುತ್ತದೆ. ಬೆಳೆದ ಮೇಲೆ ಹಸಿರಾಗುತ್ತದೆ. ಆಗ ಮುಟ್ಟಿದರೆ ತಲೆಯಿಂದ ಎರಡು ಕೆಂಪು ಕೊಂಬು ಚಾಚಿ ಒಂಥರಾ ಹುಳಿ ನಾತ ಬಿಡುತ್ತದೆ. ಆಮೇಲೆ ಕಡ್ಡಿಗೆ ತನ್ನನ್ನು ತಾನೇ ಒಂದು ನೂಲಿನಿಂದ ಕಟ್ಟಿಕೊಂಡು ಗೂಡಾಗುತ್ತದೆ. ಇಷ್ಟೆಲ್ಲ ನನಗೆ ಹೇಳಿಕೊಟ್ಟದ್ದು ಅಕ್ಕ ಅಲ್ಲ, ಗೋಡೆಯಾಚೆಯ ಹೆಂಗಸು.

ಅವಳು ಕುಂಚಾವರಂ ಕಡೆಯವಳು. ಗಂಡ ಖಣಿಯಲ್ಲಿ ಕಲ್ಲು ಎಬ್ಬಿಸುವ ಕೆಲಸಕ್ಕೆ ಬಂದಿದ್ದ. ಅವಳ ಕನ್ನಡದಲ್ಲಿ ಅರ್ಧ ತೆಲುಗು. ಅಕ್ಕನನ್ನು ವದಿನಾ ಎಂದು ಕರೆಯುತ್ತಿದ್ದಳು. ನಮ್ಮಲ್ಲಿ ವೈನಿ ಎಂದ ಹಾಗೆ. ಅಕ್ಕನೂ ಅವಳನ್ನು ವದಿನಾ ಎಂದೇ ಕರೆಯತೊಡಗಿದಳು. ಯಾರು ಯಾರಿಗೆ ಅತ್ತಿಗೆ ಎಂದು ನಾನು ಕೇಳಿದರೆ ಇಬ್ಬರೂ ನಗುತ್ತಿದ್ದರು.

ಅಕ್ಕನ ಎರಡೂ ಕಣ್ಣಿಗೆ ಪೊರೆ ಬರತೊಡಗಿದಾಗ ಈ ಹೆಂಗಸೇ ಅವಳ ಕಣ್ಣಾದಳು. ಸಂಜೆ ಕೆಲಸ ಮುಗಿಯಿತೆಂದು ಖಣಿಯ ಭೋಂಗಾ ಊದಿದ ಮೇಲೆ ಗೋಡೆಯಾಚೆ ಒಂದು ಕಲ್ಲಿನ ಮೇಲೆ ಹತ್ತಿ ನಿಲ್ಲುತ್ತಿದ್ದಳು. ಪತ್ರಿ ಗಿಡದ ಕೊಂಬೆಗಳು ಅರ್ಧ ಅವಳ ಕಡೆಗೇ ಚಾಚಿದ್ದವು. ಒಂದೊಂದೇ ಎಲೆ ಎತ್ತಿ ನೋಡಿ, "ಒಕಟಿ, ರೆಂಡು, ಮೂಡು" ಎಂದು ತೆಲುಗಿನಲ್ಲಿ ಎಣಿಸುವಳು. ಅಕ್ಕ ಈಚೆ ಪುಂಡಿಪಲ್ಯ ಸೋಸುತ್ತ ಕೂತಿರುವಳು.

"ಇವತ್ತ ತೊಮ್ಮಿದಿ, ವದಿನಾ."

"ಒಂಬತ್ತೇನ? ನಿನ್ನಿ ಹತ್ತ ಇದ್ವು."

"ಒಂದು ಗೂಡು ಕಟ್ಟಿಕೊಂಡದ. ನಿಮ್ಮ ತಮ್ಮ ನೋಡ್ರಿ, ಇನ್ನೂ ಕಟ್ಟಿಕೊಂಡಿಲ್ಲ."

ಈ ಮಾತಿಗೆ ಅಕ್ಕ ಸೆರಗು ಬಾಯಿಗೆ ಇಟ್ಟುಕೊಂಡು ನಗುವಳು. ನಾನು ಒಳಗೆ ಚಹಾ ಕುಡಿಯುತ್ತ ಕೇಳಿಸದವನಂತೆ ಇರುವೆ. ಬದನೆಕಾಯಿ, ಮೆಂತ್ಯೆ ಗೋಡೆ ದಾಟಿ ಆಚೆ ಹೋಗುತ್ತಿದ್ದವು. ಒಲೆಯ ಬೂದಿ, ಹುಣಸೆ ತೊಕ್ಕು ಈಚೆ ಬರುತ್ತಿದ್ದವು. ಅಕ್ಕನಿಗೆ ಊರಿನಲ್ಲಿ ಇದ್ದ ಒಂದೇ ಗೆಳೆತನ ಅದು. ನನಗೆ ಅದು ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ.

ಕಾರ್ತಿಕದಲ್ಲಿ ಅವ್ವನ ಪುಣ್ಯತಿಥಿ. ಅಯ್ಯನೋರನ್ನು ಮನೆಗೆ ಕರೆದು ಪಾದಪೂಜೆ ಮಾಡುತ್ತೇವೆ, ಲಿಂಗಕ್ಕೆ ಪತ್ರಿ ಏರಿಸುತ್ತೇವೆ, ಪತ್ರಿ ಬಿದ್ದ ಆ ನೀರನ್ನೇ ತೀರ್ಥವೆಂದು ಎಲ್ಲರೂ ತೆಗೆದುಕೊಳ್ಳುತ್ತೇವೆ. ಒಂದು ವರ್ಷ ಅಯ್ಯನೋರು ತಟ್ಟೆಯಲ್ಲಿದ್ದ ಪತ್ರಿಯನ್ನು ಬೆಳಕಿಗೆ ಹಿಡಿದು ತೂತಿನೊಳಗಿಂದ ನನ್ನನ್ನು ನೋಡಿದರು.

"ಏನಪಾ, ನಿಮ್ಮ ಮನ್ಯಾಗ ದೇವರಕಿಂತ ಮೊದಲ ಹುಳಕ್ಕ ನೈವೇದ್ಯ ಆಗತದೇನು?"

ಅಕ್ಕ ಬಾಗಿಲ ಹತ್ತಿರ ನಿಂತು, "ಹುಳ ಮುಟ್ಟಿದ ಎಲಿ ಬ್ಯಾಡ ಅಂದ್ರ ನಮಗ ಊಟನ ಇಲ್ಲ್ರಿ, ಅಯ್ಯನೋರೆ" ಎಂದಳು. ಅವರು ನಕ್ಕುಬಿಟ್ಟರು. ಬಂದಿದ್ದ ನಾಲ್ಕು ಮಂದಿ ಬೀಗರು ನೆಂಟರೂ ನಕ್ಕರು. ಅಯ್ಯನೋರ ಮನಸ್ಸಿನಲ್ಲಿ ಏನೂ ಇರಲಿಲ್ಲ. ನಾನು ಮಾತ್ರ ಅದನ್ನು ಗಂಟು ಹಾಕಿಟ್ಟುಕೊಂಡೆ. ದೊಡ್ಡ ಓದಿಲ್ಲ, ದೊಡ್ಡ ಕೆಲಸವಿಲ್ಲ, ಸಂಸಾರವಿಲ್ಲ. ಅವ್ವನ ಹೆಸರಿನಲ್ಲಿ ವರ್ಷಕ್ಕೊಮ್ಮೆ ನಾಲ್ಕು ಮಂದಿಯನ್ನು ಕರೆದು ಉಣಿಸುವುದೊಂದೇ ನನ್ನ ಮರ್ಯಾದೆ ಎಂದು ತಿಳಿದಿದ್ದವನು ನಾನು. ಆ ಮರ್ಯಾದೆಯಲ್ಲಿ ತೂತು ಬಿದ್ದಂತೆ ಅನಿಸಿತು.

ಮುಂದಿನ ವರ್ಷ ಪುಣ್ಯತಿಥಿಗೆ ಎರಡು ವಾರ ಇರುವಾಗ ಅಕ್ಕನ ಎಡಗಣ್ಣಿನ ಪೊರೆ ತೆಗೆಸಲು ಕಲಬುರಗಿಗೆ ಕರೆದುಕೊಂಡು ಹೋದೆ. ಧೂಳಿಗೆ ಹೋಗಬಾರದು ಎಂದು ಡಾಕ್ಟರು ಹೇಳಿದ್ದರಿಂದ ಅಲ್ಲಿಂದ ಚಿತ್ತಾಪುರದ ಸೋದರತ್ತೆಯ ಮನೆಯಲ್ಲಿ ಬಿಟ್ಟು ಬರುವುದೆಂದು ಮೊದಲೇ ಗೊತ್ತು ಮಾಡಿದ್ದೆವು. ಹೊರಡುವ ದಿನ ಬೆಳಿಗ್ಗೆ ಅಕ್ಕ ಹಿತ್ತಲಿಗೆ ಹೋಗಿ ಪತ್ರಿ ಗಿಡದ ಕೊಂಬೆಗಳನ್ನು ಕೈಯಿಂದ ತಡವಿ ಬಂದಳು.

"ಹನ್ನೊಂದು ಹುಳ, ನಾಕು ಗೂಡು ಅಂತ ಹೇಳ್ಯಾಳ ವದಿನಾ. ನಾ ಬರೂದ್ರಾಗ ಗೂಡು ಒಡದು ಹಾರಿ ಹೋಗ್ತಾವು. ಹುಳ ಉಳಿತಾವಲ್ಲ, ಅವು ಗೂಡಾಗಿರ್ತಾವು. ಹೊಸ ಕಣ್ಣಿಲೆ ಮೊದಲ ಅವನ್ನ ನೋಡಬೇಕು. ದಿನಾ ಒಂದು ಚೊಂಬು ನೀರು ಚಿಮುಕ್ಸು, ತಮ್ಮಾ. ಮರೀಬ್ಯಾಡ."

"ಹೂಂ" ಎಂದೆ.

ಅವಳನ್ನು ಬಿಟ್ಟು ಬಂದ ಮರುದಿನ ಬೆಳಿಗ್ಗೆ ತೊಗರಿಗೆ ಎಣ್ಣೆ ಹೊಡೆಯಲು ಹೋದೆ. ಕೀಟನಾಶಕಕ್ಕೆ ನಮ್ಮ ಕಡೆ ಎಣ್ಣೆ ಎಂದೇ ಹೇಳುವುದು. ತೊಗರಿ ಹೂವಿಗೆ ಬಂದಿತ್ತು, ಕಾಯಿ ಕೊರಕ ಕಾಣಿಸಿಕೊಂಡಿತ್ತು. ಅವ್ವನ ಕಾಲದಲ್ಲಿ ಗಿಡದ ಕೆಳಗೆ ಹಳೆಯ ಸೀರೆ ಹಾಸಿ, ಗಿಡ ಅಲುಗಾಡಿಸಿ, ಬಿದ್ದ ಹುಳ ಕೂಡಿಸಿ ಒಯ್ಯುತ್ತಿದ್ದರು. ಈಗ ಅಷ್ಟು ಕೈಗಳಿಲ್ಲ. ಎರಡು ಎಕರೆ ಮುಗಿಸಿ ಬೆನ್ನಿನ ಪಂಪು ಹೊತ್ತು ಮನೆಗೆ ಬಂದೆ. ಪಂಪಿನಲ್ಲಿ ಕಾಲು ಭಾಗ ಉಳಿದಿತ್ತು.

ಪತ್ರಿ ಗಿಡದ ಹೊಸ ಚಿಗುರು ಕೆಂಪಗೆ ಮಿಂಚುತ್ತಿತ್ತು. ಒಂದು ಹುಳ ಒಂದು ಚಿಗುರನ್ನು ಅಂಚಿನಿಂದ ಅಂಚಿಗೆ ಮೇಯುತ್ತ ಕೂತಿತ್ತು. ಅಯ್ಯನೋರು ತೂತಿನೊಳಗಿಂದ ನೋಡಿದ ಆ ಕಣ್ಣು ನೆನಪಾಯಿತು. ಹದಿಮೂರು ದಿನದಲ್ಲಿ ಈ ಚಿಗುರು ಬಲಿತು ಒಳ್ಳೆಯ ಎಲೆಯಾಗುತ್ತದೆ ಎಂದು ಎಣಿಸಿದೆ. ಗೋಡೆಯಾಚೆ ಯಾರೂ ಇರಲಿಲ್ಲ. ಆ ಹೊತ್ತಿಗೆ ಅವಳು ನೀರಿಗೆ ಹೋಗಿರುತ್ತಾಳೆ. ಅಷ್ಟನ್ನೂ ನೋಡಿಕೊಂಡೇ ಹೊಡೆದೆ ಎಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಗಿಡಕ್ಕೆ ಹೊಡೆದ ಮೇಲೂ ಸ್ವಲ್ಪ ಉಳಿಯಿತು. ಚೆಲ್ಲುವುದೇಕೆ ಎಂದು ಅವರೆ ಬಳ್ಳಿಗೆ ಹೊಡೆದೆ, ಬೆಂಡೆಗೆ ಹೊಡೆದೆ. ಹುಳಗಳು ಕೆಂಪು ಕೊಂಬು ಚಾಚಿದವು. ನಾನು ಒಳಗೆ ಹೋಗಿ ಸಾಬೂನು ಹಚ್ಚಿ ಸ್ನಾನ ಮಾಡಿ ರೊಟ್ಟಿ ತಿಂದು ಕೆಲಸಕ್ಕೆ ಹೋದೆ.

ಸಂಜೆ ಬಂದಾಗ ಅವಳು ಗೋಡೆಯಾಚೆ ಕಲ್ಲಿನ ಮೇಲೆ ನಿಂತಿದ್ದಳು. ಎಣಿಸುತ್ತಿರಲಿಲ್ಲ.

"ಅಣ್ಣಾ, ಹುಳ ಎಲ್ಲ ಕೆಳಗ ಬಿದ್ದಾವ. ಒಂದೂ ಉಳಿದಿಲ್ಲ. ಏನೋ ವಾಸನಿ ಬರಾಕತ್ತದ."

"ತೊಗರಿಗೆ ಹೊಡದು ಬಂದು ಪಂಪು ಇಲ್ಲೇ ತೊಳದೀನಿ, ಅದರ ವಾಸನಿ" ಎಂದೆ. ಅದು ಸುಳ್ಳಲ್ಲ, ತೊಳೆದಿದ್ದೆ. ಆಮೇಲೆ, ಯಾಕೆ ಬಾಯಿಗೆ ಬಂತೋ, "ನೀ ಈ ಗ್ವಾಡಿ ಗುಂಟ ಇರಬಿ ಪುಡಿ ಹಾಕಿದ್ದಿಲ್ಲೇನು?" ಎಂದು ಕೇಳಿದೆ.

ಅವಳು ಹಾಕಿದ್ದಳು. ಅಡುಗೆಮನೆಗೆ ಇರುವೆ ಸಾಲು ಹತ್ತಿದೆಯೆಂದು ಗೋಡೆಯ ಬುಡಕ್ಕೆ ಇರುವೆ ಪುಡಿ ಉದುರಿಸಿದ್ದನ್ನು ನಾನೇ ಕಂಡಿದ್ದೆ. ಅವಳು ಬಾಯಿಯ ಮೇಲೆ ಕೈ ಇಟ್ಟುಕೊಂಡಳು. ಕಲ್ಲಿನಿಂದ ಇಳಿದಳು. ನಾನು ಆರೋಪ ಮಾಡಲಿಲ್ಲ, ಕೇಳಿದೆ ಅಷ್ಟೇ ಎಂದು ಎಷ್ಟೋ ದಿನ ನನಗೆ ನಾನು ಹೇಳಿಕೊಂಡೆ. ಕೇಳುವುದರಲ್ಲೇ ಎಲ್ಲ ಮುಗಿದಿತ್ತು.

ಪುಣ್ಯತಿಥಿಯ ಹಿಂದಿನ ಸಂಜೆ ಅಕ್ಕ ಬಂದಳು. ಕಪ್ಪು ಕನ್ನಡಕ ಹಾಕಿಕೊಂಡಿದ್ದಳು. ಬಸ್ಸಿನಿಂದ ಇಳಿದವಳೇ ನನ್ನ ಮುಖ ನೋಡಿ, "ಎಷ್ಟು ಮುದುಕ ಆಗಿಬಿಟ್ಟಿದಿ" ಎಂದಳು. ಅಷ್ಟು ವರ್ಷ ನನ್ನ ಮುಖ ಅವಳಿಗೆ ಸರಿಯಾಗಿ ಕಂಡಿರಲಿಲ್ಲ. ಮನೆ ತಲುಪುವ ಹೊತ್ತಿಗೆ ಬೆಳಕು ಇಳಿದಿದ್ದರಿಂದ ಹಿತ್ತಲಿಗೆ ಹೋಗಲಿಲ್ಲ. "ನಾಳಿ ಬೆಳಕಿನ್ಯಾಗ ನೋಡ್ತೀನಿ" ಎಂದಳು.

ಬೆಳಿಗ್ಗೆ ಸ್ನಾನ ಮಾಡಿ, ಒದ್ದೆ ಸೀರೆಯಲ್ಲೇ ತಟ್ಟೆ ಹಿಡಿದು ಪತ್ರಿ ಹರಿಯಲು ಹೋದಳು. ನಾನು ಬಾಗಿಲಲ್ಲಿ ನಿಂತಿದ್ದೆ. ಎಲೆಗಳು ಒಂದು ತೂತಿಲ್ಲದೆ ಹಸಿರಾಗಿ ಹೊಳೆಯುತ್ತಿದ್ದವು. ಅಕ್ಕ ಒಂದು ಎಲೆ ಎತ್ತಿದಳು, ಇನ್ನೊಂದು ಎತ್ತಿದಳು. ಕನ್ನಡಕ ತೆಗೆದಳು. ಕಡ್ಡಿಗೆ ನೂಲು ಕಟ್ಟಿಕೊಂಡೇ ಕರ್ರಗಾಗಿ ಒಣಗಿದ ಒಂದು ಗೂಡು ಸಿಕ್ಕಿತು. ಉಗುರಿನಿಂದ ಮುಟ್ಟಿದರೆ ಪುಡಿಯಾಯಿತು.

ನಾನು ಪಾಲಿಶ್ ಮಾಡುವವನಾದರೂ ಎಣ್ಣೆಯ ಡಬ್ಬಿಯ ಮೇಲಿನ ಅಕ್ಷರ ಓದಬಲ್ಲೆ. ಆ ಪತ್ರಿ ಲಿಂಗದ ಮೇಲೆ ಬಿದ್ದು, ನೀರಿಗೆ ಬಿದ್ದು, ಆ ನೀರು ಅಯ್ಯನೋರ ಬಾಯಿಗೆ, ಅಕ್ಕನ ಬಾಯಿಗೆ, ಬೀಗರ ಮಕ್ಕಳ ಬಾಯಿಗೆ ಹೋಗುತ್ತದೆ ಎಂಬುದು ಆ ಗಳಿಗೆಯವರೆಗೆ ನನ್ನ ತಲೆಗೆ ಬಂದಿರಲಿಲ್ಲ. ಎಂಥ ದಡ್ಡ ಎಂದರೆ, ದೇವರಿಗೆ ಒಳ್ಳೆಯ ಎಲೆ ಬೇಕೆಂದು ದೇವರ ಎಲೆಗೇ ವಿಷ ಹೊಡೆದಿದ್ದೆ. ಅಷ್ಟು ದಿನದ ಮೇಲೆ ಅದರಲ್ಲಿ ವಿಷ ಉಳಿದಿತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಕುಡಿಸುವುದು ಹೇಗೆ.

"ಅಕ್ಕಾ, ಆ ಪತ್ರಿ ಬ್ಯಾಡ. ನಾ ಶಹಾಬಾದ್‌ಗೆ ಹೋಗಿ ಬಜಾರದಾಗಿಂದ ತರ್ತೀನಿ."

"ಯಾಕ?"

ಆಗಲೂ ಹೇಳಬಹುದಿತ್ತು. ಒಂದೇ ಮಾತು. ಅಕ್ಕ ಬಯ್ಯುತ್ತಿದ್ದಳು, ಆ ದಿನ ಉಣ್ಣುತ್ತಿರಲಿಲ್ಲ, ಮೂರನೆಯ ದಿನ ಉಣ್ಣುತ್ತಿದ್ದಳು.

"ಆಕಿ ಗ್ವಾಡಿಗೆ ಇರಬಿ ಪುಡಿ ಹಾಕ್ಯಾಳ. ಗಾಳಿಗೆ ಎಲಿ ಮ್ಯಾಲ ಬಿದ್ದಿರತದ. ಹುಳ ಸತ್ತಿದ್ದು ಅದರಲಿಂದನ."

"ತೊಳದರ ಹೋಗಂಗಿಲ್ಲೇನು?"

"ಬ್ಯಾಡ ಅಕ್ಕಾ. ತೀರ್ಥ ಅದು."

ಅಕ್ಕ ಖಾಲಿ ತಟ್ಟೆ ನನ್ನ ಕೈಗೆ ಕೊಟ್ಟಳು. ನಾನು ಗಾಡಿ ತೆಗೆದುಕೊಂಡು ಹೋಗಿ ಬಜಾರದ ಪತ್ರಿ ತಂದೆ. ಅಯ್ಯನೋರು ಆ ವರ್ಷ ಪತ್ರಿಯನ್ನು ನೋಡಲೇ ಇಲ್ಲ. ಮೊಣಕಾಲು ನೋವಿನ ಬಗ್ಗೆ ಮಾತಾಡಿ, ಹೋಳಿಗೆ ಉಂಡು ಹೋದರು.

ಮಧ್ಯಾಹ್ನ ಗೋಡೆಯಾಚೆಯವಳು ತನ್ನ ಕಲ್ಲಿನ ಹತ್ತಿರ ಬಂದಳು. ಅಕ್ಕನ ಕಣ್ಣು ಹೇಗಾಗಿದೆ ನೋಡಬೇಕಲ್ಲ. "ವದಿನಾ, ಯಾವಾಗ ಬಂದ್ರಿ? ನಾ ಕಾಣ್ತೀನೇನು? ನನ್ನ ಮೂಗು ಎಷ್ಟು ದೊಡ್ಡದದ ನೋಡ್ರಿ ಈಗರ" ಎಂದಳು. ಅವಳ ನಗು ಅರ್ಧಕ್ಕೆ ನಿಂತದ್ದು ನನಗೆ ಒಳಗಿನಿಂದ ಕೇಳಿಸಿತು.

"ಪುಡಿ ಹಾಕಿದಿ ಏನ?" ಅಕ್ಕ ಕೇಳಿದಳು.

"ಹಾಕೀನಿ, ವದಿನಾ."

ಅಷ್ಟೇ. ಅಕ್ಕ ಒಳಗೆ ಬಂದು ಉಂಡೆದ್ದವರ ಎಲೆಗಳನ್ನು ಎತ್ತತೊಡಗಿದಳು. ನಾನು ಬೀಗರಿಗೆ ಮಜ್ಜಿಗೆ ಬಡಿಸುತ್ತಿದ್ದೆ. ಆ ಸಂಜೆ ಗೋಡೆಯಾಚೆ ಅವಳು ಕುಕ್ಕರಗಾಲಿನಲ್ಲಿ ಕೂತು, ಒಡೆದ ತಾಟಿನ ಚೂರಿನಿಂದ ಗೋಡೆಯ ಬುಡದ ಮಣ್ಣನ್ನೆಲ್ಲ ಕೆರೆದು ಬುಟ್ಟಿಗೆ ತುಂಬಿ ದೂರ ಒಯ್ದು ಚೆಲ್ಲಿದಳು. ಎರಡು ಬುಟ್ಟಿ. ಅಕ್ಕ ಅದನ್ನು ನೋಡಲಿಲ್ಲ. ನಾನು ನೋಡಿದೆ.

ಅದಾದ ಮೇಲೆ ಗೋಡೆಯ ಹತ್ತಿರ ಯಾರೂ ನಿಲ್ಲಲಿಲ್ಲ. ಜಗಳವಾಗಿದ್ದರೆ ಚೆನ್ನಾಗಿತ್ತು, ಜಗಳ ಒಂದು ದಿನ ಮುಗಿಯುತ್ತದೆ. ಮೊದಲು ಬಂದದ್ದು ಹೇನು. ಗುಲಗಂಜಿ ಹುಳ ಒಂದೂ ಉಳಿಯದ್ದರಿಂದ ಅವರೆಯ ಕುಡಿಗಳು ಕಾಡಿಗೆ ಬಳಿದಂತೆ ಕಪ್ಪಾದವು. ಅಕ್ಕನಿಗೆ ಈಗ ಎಲ್ಲ ಸ್ಪಷ್ಟವಾಗಿ ಕಾಣುತ್ತಿತ್ತು. ಕಾಣುವುದಕ್ಕೆ ಹೇನು ಬಿಟ್ಟು ಏನೂ ಇರಲಿಲ್ಲ. ಮುಂದಿನ ಮಳೆಗಾಲದಲ್ಲಿ ಕಿಟಕಿಯ ಮೂಲೆಯ ಗಡಿಗೆ ಖಾಲಿ ಉಳಿಯಿತು. ಅಕ್ಕ ಆ ವರ್ಷ ಆ ಮೂಲೆಗೂ ಸುಣ್ಣ ಬಳಿದಳು. ಬಳಿಯುವಾಗ ನಾನು ಏಣಿ ಹಿಡಿದುಕೊಂಡಿದ್ದೆ.

ಅದೇ ಮಳೆಗಾಲ ಮುಗಿಯುವಾಗ ಖಣಿಯ ಕೆಲಸ ನಿಂತು ಗೋಡೆಯಾಚೆಯವರು ಕುಂಚಾವರಂಗೆ ಅವಳ ಅಣ್ಣನ ಮನೆಗೆ ಹೊರಟರು. ಟೆಂಪೋಕ್ಕೆ ಸಾಮಾನು ಏರಿಸುವ ಸದ್ದು ಕೇಳುತ್ತಿತ್ತು. ಅಕ್ಕ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಆ ದಿನ ನಮ್ಮಿಬ್ಬರಿಗೆ ಬೇಕಾದಷ್ಟಕ್ಕಿಂತ ಹತ್ತು ರೊಟ್ಟಿ ಹೆಚ್ಚು ಬಡಿದಳು. ಅವುಗಳನ್ನು ಬಟ್ಟೆಯಲ್ಲಿ ಸುತ್ತಿದಳು. ಟೆಂಪೋ ಹೋಯಿತು. ಆ ರೊಟ್ಟಿಗಳನ್ನು ನಾವು ಮೂರು ದಿನ ತಿಂದೆವು.

ಅವಳ ಮನೆಯ ಬಾಗಿಲಿಗೆ ಬೀಗ ಬಿತ್ತು. ಸಂಜೆ ಕೆಲಸದಿಂದ ಬಂದರೆ ಹಿತ್ತಲಲ್ಲಿ ಒಂದು ಸದ್ದಿಲ್ಲ. ನಾನು ಬಯಸುತ್ತಿದ್ದ ಸುಮ್ಮನಿರುವಿಕೆ ಪೂರ್ತಿಯಾಗಿ ಸಿಕ್ಕಿತ್ತು. ಚಹಾ ಕುಡಿಯುವಾಗ ಗುಟುಕಿನ ಸದ್ದು ನನಗೇ ಕೇಳುತ್ತಿತ್ತು. ಎಷ್ಟೋ ಸಲ ಹೇಳಬೇಕೆಂದು ಬಾಯಿ ತೆರೆದೆ. ಇನ್ನು ಹೇಳಿ ಏನು ಪ್ರಯೋಜನ, ಅವಳು ಹೋಗಿಬಿಟ್ಟಳಲ್ಲ ಎಂದು ಮುಚ್ಚಿದೆ. ಇದ್ದಾಗ, ಇನ್ನೂ ಇದ್ದಾಳಲ್ಲ, ಹೇಳಿದರೆ ಮುಖ ತೋರಿಸುವುದು ಹೇಗೆ ಎಂದು ಮುಚ್ಚಿದ್ದೆ.

ಈ ವರ್ಷದ ಮೊದಲ ಮಳೆಗಳ ನಂತರ ಒಂದು ಬೆಳಿಗ್ಗೆ ಅಕ್ಕ ಪತ್ರಿ ಗಿಡಕ್ಕೆ ನೀರು ಚಿಮುಕಿಸುತ್ತಿದ್ದಳು. ನಾನು ಹಲ್ಲುಜ್ಜುತ್ತ ನಿಂತಿದ್ದೆ. ಅವಳು ಒಂದು ಚಿಗುರನ್ನು ಎರಡು ಬೆರಳಲ್ಲಿ ಹಿಡಿದು ಕಣ್ಣಿನ ಹತ್ತಿರ ತಂದಳು. ಎಷ್ಟೋ ದಿನದ ಮೇಲೆ ಅವಳ ಮುಖ ಅರಳಿತು. ತಟ್ಟನೆ ಗೋಡೆಯ ಕಡೆ ತಿರುಗಿ, "ವದಿನಾ, ಒಕಟಿ" ಎಂದಳು.

ಗೋಡೆಯಾಚೆ ಬೀಗ ಹಾಕಿದ ಬಾಗಿಲು. ಅಕ್ಕ ಚಿಗುರನ್ನು ಮೆಲ್ಲಗೆ ಬಿಟ್ಟಳು. ನನ್ನ ಕಡೆ ತಿರುಗಲಿಲ್ಲ. ಚೊಂಬು ಎತ್ತಿಕೊಂಡು ಬದನೆಯ ಕಡೆ ಹೋದಳು.

ನಾನು ಬಾಯಿ ಮುಕ್ಕಳಿಸಿ ಅವಳ ಹಿಂದೆ ಹೋಗಿ ನಿಂತು ಹೇಳಿದೆ. ಪಂಪಿನಲ್ಲಿ ಎಷ್ಟು ಉಳಿದಿತ್ತು, ಯಾವ ಗಿಡಕ್ಕೆ ಮೊದಲು ಹೊಡೆದೆ, ಗೋಡೆಯಾಚೆಯವಳಿಗೆ ಏನು ಕೇಳಿದೆ, ಎಲ್ಲ ಹೇಳಿದೆ. ಅಕ್ಕ ನೀರು ಚಿಮುಕಿಸುವುದನ್ನು ನಿಲ್ಲಿಸಲಿಲ್ಲ. ಚೊಂಬು ಖಾಲಿಯಾದ ಮೇಲೂ ಒಣ ಕೈಯನ್ನು ಎರಡು ಸಲ ಒಳಗೆ ಅದ್ದಿ ಎಲೆಗಳ ಮೇಲೆ ಝಾಡಿಸಿದಳು.

"ಆಕಿಗಿ ಹೇಳಿದಿ ಏನ?"

"ಇಲ್ಲ."

"ಹಂಗಾದ್ರ ನನಗ್ಯಾಕ ಹೇಳ್ತಿ? ಹೋಗಿ ಆಕಿಗಿ ಹೇಳು."

"ನೀನೂ ಬಾ, ಅಕ್ಕಾ."

"ನಾ ಯಾವ ಮಾರಿ ತಗೊಂಡು ಬರ್ಲಿ?"

ಮರುದಿನ ಕೆಲಸ ಬಿಟ್ಟು ಹೊರಟೆ. ಸೇಡಂನಲ್ಲಿ ಬಸ್ಸು ಬದಲಿಸಿ ಚಿಂಚೋಳಿ, ಅಲ್ಲಿಂದ ಕುಂಚಾವರಂ. ಕಾಗಿಣಾ ನದಿಯಲ್ಲಿ ಕೆಂಪು ನೀರು ಬಂದಿತ್ತು. ಚಿಂಚೋಳಿ ದಾಟಿ ಕಾಡು ಶುರುವಾದ ಮೇಲೆ ಬಸ್ಸಿನ ಕಿಟಕಿಯ ಉದ್ದಕ್ಕೂ ಪಾತರಗಿತ್ತಿಗಳು, ಸಣ್ಣವು, ಹಳದಿಯವು, ಒದ್ದೆ ಮಣ್ಣಿನ ಮೇಲೆ ಗುಂಪು ಗುಂಪಾಗಿ ಕೂತಿದ್ದವು. ಬಸ್ಸು ಬಂದರೆ ಎದ್ದು, ಹೋದ ಮೇಲೆ ಮತ್ತೆ ಕೂಡುತ್ತಿದ್ದವು. ನನ್ನ ಪಕ್ಕದ ಸೀಟು ಖಾಲಿ ಇತ್ತು. ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ನೂರು ಸಲ ಹೇಳಿ ನೋಡಿದೆ. ಪ್ರತಿ ಸಲವೂ ನಾನು ಸ್ವಲ್ಪ ಒಳ್ಳೆಯವನಾಗಿ ಕಾಣುವ ಹಾಗೆ ಅದು ತಾನಾಗಿಯೇ ಬದಲಾಗುತ್ತಿತ್ತು.

ಅವಳು ಅಣ್ಣನ ಮನೆಯ ಕಟ್ಟೆಯ ಮೇಲೆ ಮೊರದಲ್ಲಿ ಅಕ್ಕಿ ಹಸನು ಮಾಡುತ್ತಿದ್ದಳು. ನನ್ನನ್ನು ನೋಡಿ ಎದ್ದು ನಿಂತಳು. "ವದಿನಾ ಛಂದ ಅದಾರಿಲ್ಲೋ?" ಎಂಬುದು ಅವಳ ಮೊದಲ ಮಾತು. ನಾನು ಹೀಗೆ ಒಬ್ಬನೇ ಬಂದದ್ದಕ್ಕೆ ಅಕ್ಕ ತೀರಿಹೋದಳೆಂದು ತಿಳಿದಿದ್ದಳು.

"ಛಲೋ ಅದಾಳ" ಎಂದು, ಕೂಡದೆ ನಿಂತೇ ಹೇಳಿ ಮುಗಿಸಿದೆ. ಅವಳು ಮೊರದಲ್ಲಿ ಬೆರಳಾಡಿಸುತ್ತಿದ್ದಳು, ಕಲ್ಲು ಹುಡುಕುವವಳಂತೆ. ಮಳೆಗಾಲದಲ್ಲಿ ಆ ಊರಿನ ಪ್ರತಿ ಅಂಗಳದಲ್ಲೂ ಏನಾದರೊಂದು ಬಳ್ಳಿ ಹಬ್ಬಿತ್ತು. ಇವಳ ಅಂಗಳ ಗುಡಿಸಿ ಬೋಳಾಗಿತ್ತು.

"ಏನೂ ಹಚ್ಚಿಲ್ಲಲ್ಲ ಇಲ್ಲಿ" ಎಂದೆ, ಬೇರೇನೂ ತೋಚದೆ.

"ಒಮ್ಮೆ ನನ್ನ ಕೈನ ಛಲೋ ಅಲ್ಲ ಅನಸ್ತದ, ಒಮ್ಮೆ ಅಲ್ಲ ಅನಸ್ತದ. ಹಂಗ ಬಿಟ್ಟೆ." ಮೊರ ಕೆಳಗಿಟ್ಟು ಮತ್ತೆ ಹೇಳಿದಳು. "ಅಣ್ಣಾ, ನಾ ಪುಡಿ ಹಾಕಿ ಹದಿನೈದ ದಿನ ಆದ ಮ್ಯಾಲ ಹುಳ ಸತ್ವು. ಅಲ್ಲೀತನಕ ಛಲೋನ ಇದ್ವು, ನಾನ ಎಣಿಸ್ತಿದ್ದೆ. ಟೆಂಪೋದಾಗ ಕುಂತಾಗ ಇದು ನೆನಪಾತು. ವದಿನಾ 'ಹಾಕಿದಿ ಏನ' ಅಂತ ಕೇಳಿದ್ರು. 'ಎಂದ ಹಾಕಿದಿ' ಅಂತ ಕೇಳಲಿಲ್ಲ. ಅಷ್ಟು ದಿನ ಅವರ ಕಣ್ಣಾಗಿದ್ದೆ, ಅದೊಂದು ಮಾತು ಕೇಳಬಹುದಿತ್ತು."

ನಾನು ತಪ್ಪಾಯಿತು ಎಂದೆ. ಅವಳು ಒಳಗೆ ಹೋಗಿ ಒಂದು ಚೊಂಬು ನೀರು ತಂದು ಕಟ್ಟೆಯ ಮೇಲೆ ಇಟ್ಟಳು. ನನ್ನ ಕೈಗೆ ಕೊಡಲಿಲ್ಲ. ಕುಡಿದು ಬಸ್ಸಿಗೆ ಬಂದೆ.

ವಾಪಸು ಬರುವಾಗ ಆ ಮಾತನ್ನು ಅಕ್ಕನಿಗೆ ಹೇಳಬೇಕೋ ಬೇಡವೋ ಎಂದು ಯೋಚಿಸಿದೆ. 'ಸಿಟ್ಟಿಲ್ಲ ಅಂದಳು' ಎಂದುಬಿಟ್ಟರೆ ಅಕ್ಕನಿಗೆ ನಿದ್ದೆ ಬರುತ್ತಿತ್ತು. ಆದರೆ ಅಂಥದೇ ಒಂದು ಸಣ್ಣ ಮಾತಿನಿಂದ ಇಷ್ಟಾಗಿತ್ತು. ಮನೆಗೆ ಬಂದು, ಅವಳು ಹೇಳಿದ್ದನ್ನು ಅವಳ ಮಾತಿನಲ್ಲೇ ಹೇಳಿದೆ, ಒಂದಕ್ಷರ ಬಿಡಲಿಲ್ಲ. ಅಕ್ಕ ಕೇಳಿ, "ಖರೆ ಅದ" ಎಂದಳು. ಎರಡು ದಿನ ನನ್ನೊಂದಿಗೆ ಮಾತಾಡಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಹತ್ತು ರೊಟ್ಟಿ ಬಡಿದು ಬಟ್ಟೆಯಲ್ಲಿ ಸುತ್ತಿಕೊಂಡು, ಪುಂಡಿ ಬೀಜ, ಅವರೆ ಬೀಜ ಗಂಟು ಕಟ್ಟಿಕೊಂಡು, ಸೇಡಂ ಬಸ್ಸು ಹತ್ತಿದಳು. "ನಾಕು ದಿನ ಇದ್ದು ಬರ್ತೀನಿ" ಎಂದಳು. ಅವಳು ಬಂದಾಗ ತಂದಿದ್ದ ಕಬ್ಬಿಣದ ಟ್ರಂಕು ಮನೆಯಲ್ಲೇ ಇದೆ ಎಂದು ನಾನು ಧೈರ್ಯ ತಂದುಕೊಂಡೆ.

ಈಗ ಮೂರು ತಿಂಗಳಾಗುತ್ತ ಬಂತು. ಅಲ್ಲಿ ಇಬ್ಬರೂ ಸೇರಿ ಅಂಗಳದಲ್ಲಿ ಬಳ್ಳಿ ಹಬ್ಬಿಸಿದ್ದಾರಂತೆ. ಕರೆಯಲು ನನಗೆ ಬಾಯಿಲ್ಲ. ಬೆಳಿಗ್ಗೆ ಎದ್ದು ಚೊಂಬಿನಲ್ಲಿ ನೀರು ತಂದು ಎಲೆ ತೊಳೆಯುತ್ತೇನೆ. ಮಷಿನ್ನಿನ ಮುಂದೆ ನಿಂತು ಬಂದು, ಒಬ್ಬನೇ ರೊಟ್ಟಿ ಬಡಿದುಕೊಳ್ಳುತ್ತೇನೆ, ದಪ್ಪವಾಗುತ್ತವೆ. ತೊಗರಿಗೆ ಈ ವರ್ಷ ಹುಳ ಬಿದ್ದರೆ ಅವ್ವನ ಹಳೆಯ ಸೀರೆ ಹಾಸಿ ಗಿಡ ಅಲುಗಾಡಿಸುವುದೆಂದು ತೆಗೆದಿಟ್ಟಿದ್ದೇನೆ. ಒಬ್ಬನಿಂದ ಎಷ್ಟಾಗುತ್ತದೋ ನೋಡಬೇಕು. ಅವರೆಯ ಕುಡಿಯಲ್ಲಿ ಎರಡು ಗುಲಗಂಜಿ ಹುಳ ಕಾಣಿಸಿವೆ. ಕಿಟಕಿಯ ಮೂಲೆಯ ಸುಣ್ಣವನ್ನು ಚಾಕುವಿನಿಂದ ಕೆರೆದು ತೆಗೆದೆ; ಕುಂಬಾರ ಹುಳ ಇನ್ನೂ ಬಂದಿಲ್ಲ.

ಸಂಜೆ ಮೊದಲು ಭೋಂಗಾ ಊದುತ್ತಿದ್ದ ಹೊತ್ತಿಗೆ ಅಕ್ಕ ಫೋನ್ ಮಾಡುತ್ತಾಳೆ. ಊಟ ಆಯಿತೇ ಎಂದು ಕೇಳುತ್ತಾಳೆ. ಅವಳ ಪಕ್ಕದಿಂದ ಇನ್ನೊಂದು ದನಿ ಬರುತ್ತದೆ. "ಎಷ್ಟು ಅದಾವಂತ ಕೇಳ್ರಿ ವದಿನಾ." ಆ ದನಿ ನನ್ನೊಂದಿಗೆ ಮಾತಾಡುವುದಿಲ್ಲ. ನಾನು ಅಕ್ಕನಿಗೆ ಹೇಳುತ್ತೇನೆ, ಅಕ್ಕ ಅವಳಿಗೆ ಹೇಳುತ್ತಾಳೆ. ನಾನು ಎಷ್ಟು ಹೇಳಿದರೂ ಅವರು ನಂಬಲೇಬೇಕು, ಅಲ್ಲಿಂದ ಬಂದು ಯಾರು ನೋಡುತ್ತಾರೆ. ಅದಕ್ಕೇ ಎರಡು ಸಲ ಎಣಿಸುತ್ತೇನೆ, ಗೋಡೆಯಾಚೆಗೂ ದಾಟಿ ಅವಳು ನಿಲ್ಲುತ್ತಿದ್ದ ಕಲ್ಲಿನ ಮೇಲೆ ನಿಂತು.

ನಿನ್ನೆ ಏಳು ಖಚಿತವಾಗಿ ಸಿಕ್ಕವು. ಎಂಟನೆಯದು ಹುಳವೋ ಹಕ್ಕಿಯ ಹಿಕ್ಕೆಯೋ ಬೆಳಕು ಸಾಲದೆ ತಿಳಿಯಲಿಲ್ಲ. ಕಡ್ಡಿಯಿಂದ ಮುಟ್ಟಿ ನೋಡಲು ಮನಸ್ಸಾಗಲಿಲ್ಲ.

"ಏಳು" ಎಂದೆ.

"ಏಡು" ಎಂದು ಆ ಕಡೆಯ ದನಿ ತನ್ನಷ್ಟಕ್ಕೆ ಹೇಳಿಕೊಂಡಿತು. ಅಕ್ಕ ಫೋನ್ ಇಟ್ಟಳು.

ಬೆಳಿಗ್ಗೆ ನೀರಿನ ಚೊಂಬು ಹಿಡಿದು ಮೊದಲು ಆ ಎಲೆಯ ಹತ್ತಿರ ಹೋದೆ. ಅದು ಅಲ್ಲಿರಲಿಲ್ಲ. ಎರಡು ಎಲೆ ಮೇಲೆ, ಚಿಗುರಿನ ಅಂಚಿನಲ್ಲಿ ಕೂತು ತಿನ್ನುತ್ತಿತ್ತು. ಸಂಜೆಯಾಗಲು ಇನ್ನೂ ಬಹಳ ಹೊತ್ತಿತ್ತು.